ದುಬೈಯಲ್ಲಿ ಒಂದೇ ದಿನದ ಶಾಪಿಂಗ್: ಮಾಲ್‌ಗಿಂತ ದೇರಾ ವಾಸಿ

ಕಾಸರಗೋಡಿನಿಂದ ಗೆಳತಿಯರೆಲ್ಲ ಸೇರಿ ದುಬೈಗೆ ಹೊರಟಿದ್ದೀರಿ, ಶಾಪಿಂಗಿಗೆ ಸಿಗುವುದು ಒಂದೇ ದಿನ, ಮಾಲ್‌ಗೆ ಹೋಗೋದಾ, ಹಳೇ ಪೇಟೆಗಳಿರುವ ದೇರಾಕ್ಕಾ ಅಂತ ಕೇಳಿದ್ದೀರಿ. ದೇರಾಕ್ಕೇ ಹೋಗಿ. ಮಾಲ್ ಮಂಗಳೂರಿನಲ್ಲೂ ಇದೆ ಅಲ್ವಾ!

ಬೆಳಿಗ್ಗೆ ದುಬೈ ಕ್ರೀಕಿನ (ಊರ ನಡುವಿನ ಹಿನ್ನೀರು) ಈಚೆ ದಡದ ಬರ್ ದುಬೈ ಕಡೆಯಿಂದ ಅಬ್ರಾ ದೋಣಿ ಹತ್ತಿ. ತಲೆಗೆ 1 ದಿರ್ಹಮ್, ಚಿಲ್ಲರೆ ಕೈಯಲ್ಲೇ ಇರಲಿ. ಆಚೆ ದಡದಲ್ಲಿ ಇಳಿದರೆ ಮಸಾಲೆ ಪೇಟೆ, ಅಲ್ಲಿಂದ ನಡೆದುಕೊಂಡೇ ಚಿನ್ನದ ಪೇಟೆ. ಚಿನ್ನದ ದರ ನಿಗದಿಯಾಗಿರುತ್ತದೆ, ಚೌಕಾಸಿ ನಡೆಯುವುದಿಲ್ಲ. ಮಜೂರಿಯಲ್ಲಿ ಮಾತ್ರ ಪಟ್ಟು ಬಿಡಬೇಡಿ. ಕೇಸರಿ, ಖರ್ಜೂರಕ್ಕೆ ಹೇಳಿದ ರೇಟನ್ನೂ ಸುಮ್ನೆ ಒಪ್ಪಬೇಡಿ. ಮಲಯಾಳದಲ್ಲೇ ಮಾತಾಡಿ, ಅಂಗಡಿಗಳಲ್ಲಿ ನಮ್ಮ ಕಡೆಯವರು ಜಾಸ್ತಿ.

ಬಿಲ್ 250 ದಿರ್ಹಮ್ ದಾಟಿದರೆ ಪಾಸ್‌ಪೋರ್ಟ್ ತೋರಿಸಿ ಟ್ಯಾಕ್ಸ್ ಫ್ರೀ (ಕಟ್ಟಿದ ತೆರಿಗೆ ವಾಪಸ್ ಪಡೆಯುವ ವ್ಯವಸ್ಥೆ) ಮಾಡಿಸಿಕೊಳ್ಳಿ. ಏರ್‌ಪೋರ್ಟಿನಲ್ಲಿ ಲಗೇಜ್ ಕೊಡುವ ಮೊದಲೇ ತೆರಿಗೆ ವಾಪಸಿನ ಕೌಂಟರಿಗೆ ಹೋಗಬೇಕು.