ಎಂ.ಎಸ್.ಗೆ ಅಮೆರಿಕಕ್ಕೆ ಹೊರಟಿದ್ದೇನೆ, ಹಿಮವನ್ನೇ ಕಂಡಿಲ್ಲ: ಕಾಲೇಜಿನ ಸ್ಕೀ ಕ್ಲಬ್ ಸೇರಬಹುದಾ?

ತುಮಕೂರಿನವರು, ಆಗಸ್ಟ್‌ನಲ್ಲಿ ವಿಮಾನ, ಹಿಮ ನೋಡಿದ್ದು ಫ್ರಿಜ್ಜಿನಲ್ಲಿ ಮಾತ್ರ. ಮೊದಲು ಎಲ್ಲಾದರೂ ಕಲಿತು ಆಮೇಲೆ ಕ್ಲಬ್ ಸೇರಲೋ, ಕಾಲಿಗೊಂದು ಹಲಗೆಯ ಸ್ಕೀ ಒಳ್ಳೆಯದೋ, ಎರಡೂ ಕಾಲಿಗೆ ಒಂದೇ ಹಲಗೆಯ ಸ್ನೋಬೋರ್ಡೋ ಅಂತ ಕೇಳಿದ್ದೀರಿ. ತುಮಕೂರು ತೆಗೆದು ಕೋಲಾರ ಅಂತ ಬರೆದರೆ ಇದು ನನ್ನದೇ ಪ್ರಶ್ನೆ. ನನಗೆ ಉತ್ತರ ಸಿಕ್ಕಿದ್ದು ಮಂಡಿಗೆ ಪಟ್ಟಿ ಕಟ್ಟಿಸಿಕೊಂಡ ಮೇಲೆ.

ನಮ್ಮಮ್ಮ ನನಗೆ ಯಾವತ್ತೂ ಅಳತೆಗೆ ಸರಿಯಾದ ಶೂ ಕೊಡಿಸಿದವರಲ್ಲ. "ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದೇ ಇರಲಿ." ಮುಂದೆ ಹತ್ತಿ ತುರುಕಿ ಸ್ಕೂಲಿಗೆ ಕಳಿಸುತ್ತಿದ್ದರು. ಕಾಲು ಬೆಳೆಯೋದು ನಿಂತರೂ ಆ ಬುದ್ಧಿ ನನ್ನ ಜೊತೆ ಮಿಷಿಗನ್‌ವರೆಗೂ ಬಂತು. ಸ್ಕೀ ಬಾಡಿಗೆ ಕೌಂಟರಿನಲ್ಲಿ ಶೂ ನಂಬರ್ ಕೇಳಿದರು. ನನ್ನದು ಊರಲ್ಲಿ 8. ನಮ್ಮ ನಂಬರ್ ಬ್ರಿಟನ್ನಿನ ಲೆಕ್ಕ, ಅದೇ ಕಾಲು ಅಮೆರಿಕದಲ್ಲಿ 9. ಅಷ್ಟು ಓದಿಕೊಂಡೇ ಹೋಗಿದ್ದೆ. ಅದರ ಮೇಲೆ ಅಮ್ಮನ ಪಾಲಿನ ಒಂದು ನಂಬರ್ ಸೇರಿಸಿ 10 ಅಂದೆ. ಚಳಿಗೆ ಇರಲಿ ಅಂತ ಎರಡು ಜೊತೆ ಉಣ್ಣೆ ಕಾಲುಚೀಲ ಬೇರೆ. ಬೂಟು ಹವಾಯಿ ಚಪ್ಪಲಿಯಷ್ಟು ಆರಾಮಾಗಿತ್ತು. ಹಾಕಿದ ಕೂಡಲೇ ಆರಾಮ ಅನ್ನಿಸಿದ ಸ್ಕೀ ಬೂಟು ದೊಡ್ಡದು ಅಂತಲೇ ಲೆಕ್ಕ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಇದು ಯಾಕೆ ಅಷ್ಟು ದೊಡ್ಡ ತಪ್ಪು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸ್ಕೀಯನ್ನು ತಿರುಗಿಸೋದು ಕಣಕಾಲು. ಮಂಡಿ ಬಗ್ಗಿಸಿ ಕಣಕಾಲಿನ ಮುಂಭಾಗವನ್ನು ಬೂಟಿನ ನಾಲಿಗೆಗೆ ಒತ್ತಿದಾಗ ಆ ಒತ್ತಡ ಸ್ಕೀಯ ಮುಂತುದಿಗೆ ಹೋಗುತ್ತೆ, ತುದಿ ಹಿಮವನ್ನು ಕಚ್ಚುತ್ತೆ, ಆಗ ತಿರುವು. ಬೂಟು ಸಡಿಲ ಇದ್ದರೆ ನೀವು ಒತ್ತಿದ್ದೆಲ್ಲ ಒಳಗಿನ ಖಾಲಿ ಜಾಗ ತುಂಬೋದಕ್ಕೇ ಮುಗಿಯುತ್ತೆ. ಕಾಲು ತಿರುಗಿ ಒಂದು ಕ್ಷಣ ಆದ ಮೇಲೆ ಸ್ಕೀ ತಿರುಗುತ್ತೆ. ಹಿಮ್ಮಡಿ ಮೇಲೇಳುತ್ತೆ, ಕಣಕಾಲು ಪ್ರತಿ ತಿರುವಿನಲ್ಲೂ ಪ್ಲಾಸ್ಟಿಕ್ಕಿಗೆ ಬಡಿಯುತ್ತೆ. ಅದನ್ನು ತಡೆಯಲು ನಾನು ಬಕಲ್ಲುಗಳನ್ನು ಹಲ್ಲು ಕಚ್ಚಿ ಬಿಗಿದೆ. ರಕ್ತ ಓಡಾಟ ಕಮ್ಮಿಯಾಗಿ ಬೆರಳು ಮರಗಟ್ಟಿದವು. ಎರಡು ಕಾಲುಚೀಲ ಹಾಕಿದವನಿಗೇ ಎಲ್ಲರಿಗಿಂತ ಹೆಚ್ಚು ಚಳಿ! ನೋವಿಗೆ ಮೈ ತಾನಾಗಿ ಹಿಂದಕ್ಕೆ ವಾಲಿತು. ಹಿಂದಕ್ಕೆ ವಾಲಿದರೆ ಸ್ಕೀ ವೇಗ ಹೆಚ್ಚುತ್ತೆ, ಮಾತು ಕೇಳಲ್ಲ. ಹಸಿರು ಗುರುತಿನ, ಮಕ್ಕಳು ಇಳಿಯುವ ಇಳಿಜಾರಿನ ಕೊನೆಯಲ್ಲಿ ಕುಂಡಿ ಕೆಳಗಾಗಿ ಕೂತಂತೆ ಬಿದ್ದೆ. ಒಂದು ಸ್ಕೀ ಒಳಗೆ ತಿರುಗಿತು, ಮಂಡಿ ಅದರ ಜೊತೆ ಹೋಯಿತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಜೋರಾಗಿ ಬಿದ್ದಾಗ ಕಳಚಿಕೊಳ್ಳುತ್ತೆ, ನಿಜ. ಹೀಗೆ ನಿಧಾನಕ್ಕೆ ಹಿಂದಕ್ಕೆ ಕೂತು ತಿರುಚಿ ಬಿದ್ದರೆ ಎಷ್ಟೋ ಸಲ ಕಳಚಲ್ಲ. ನನ್ನದೂ ಕಳಚಲಿಲ್ಲ, ಮಂಡಿಯ ಒಳಬದಿಯ ಲಿಗಮೆಂಟ್ ಹರಿಯಿತು. ಆರು ವಾರ ಪಟ್ಟಿ. ಅಲ್ಲಿಯ ಹಿಮದ ಕಾಲ ಡಿಸೆಂಬರ್‌ನಿಂದ ಮಾರ್ಚ್, ಲೆಕ್ಕ ನೀವೇ ಹಾಕಿ.

ಹಾಗಾಗಿ ಹೊರಡುವ ಮುಂಚೆ ತುಮಕೂರಿನಲ್ಲೇ ಒಂದು ಕೆಲಸ ಮಾಡಿ. ಸಾಯಂಕಾಲ, ಕಾಲು ಸ್ವಲ್ಪ ಊದಿರುವ ಹೊತ್ತಲ್ಲಿ, ಗೋಡೆಗೆ ತಾಗಿಸಿ ಎ4 ಹಾಳೆ ಇಟ್ಟು ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿ. ಕೂರಬೇಡಿ, ಭಾರ ಬೀಳಬೇಕು. ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಅಳೆಯಿರಿ. ಸ್ಕೀ ಬೂಟಿನ ಅಳತೆಗೆ ಮೊಂಡೋ ಅಂತಾರೆ, ಅದು ನೇರ ಸೆಂಟಿಮೀಟರ್ ಲೆಕ್ಕ. ಕಾಲು 26.3 ಇದ್ದರೆ ಬೂಟು 26.5. 27.5 ಅಲ್ಲ, 28 ಅಂತೂ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಒಳಗಿನ ಮೆತ್ತೆ ತೆಗೆಸಿ, ಬರೀ ಚಿಪ್ಪಿನೊಳಗೆ ಕಾಲಿಟ್ಟು ಬೆರಳು ಮುಂದಕ್ಕೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಬೆರಳು ಜಾಗ ಇರಬೇಕು, ಮೂರು ಬೆರಳು ಹೋದರೆ ವಾಪಸ್ ಕೊಡಿ. ಮೆತ್ತೆ ಹಾಕಿದ ಮೇಲೆ ನೆಟ್ಟಗೆ ನಿಂತರೆ ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದೆ ಸರಿಯಬೇಕು. ಒಂದೇ ಒಂದು ತೆಳ್ಳನೆಯ ಉದ್ದ ಕಾಲುಚೀಲ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ, ಆ ಮಡಿಕೆ ಮಧ್ಯಾಹ್ನದ ಹೊತ್ತಿಗೆ ಚಾಕುವಾಗುತ್ತೆ. ಹಾಕಿಕೊಳ್ಳುವಾಗ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಮೊದಲು ಮೇಲಿನ ಬಕಲ್ಲು, ಮಂಡಿ ಬಗ್ಗಿಸಿ ಹಿಮ್ಮಡಿ ಕೂರಿಸಿ, ಆಮೇಲೆ ಪಾದದ ಮೇಲಿನದನ್ನು ಸುಮ್ಮನೆ ತಾಗುವಷ್ಟು.

ಬಾಡಿಗೆ ಫಾರಂನಲ್ಲೂ ಎಡವುವ ಜಾಗ ಎರಡಿವೆ. ತೂಕ ಪೌಂಡಿನಲ್ಲಿ ಕೇಳುತ್ತಾರೆ, 65 ಕೆ.ಜಿ. ಅಂದರೆ ಸುಮಾರು 143. ಯೂನಿಟ್ ನೋಡದೆ 65 ಅಂತ ಬರೆದರೆ ಬೈಂಡಿಂಗನ್ನು ಚಿಕ್ಕ ಮಗುವಿನ ತೂಕಕ್ಕೆ ಹೊಂದಿಸಿದಂತೆ, ಸುಮ್ಮಸುಮ್ಮನೆ ಕಳಚುತ್ತೆ. ಸ್ಕೀಯರ್ ಟೈಪ್ 1, 2, 3 ಅಂತ ಇನ್ನೊಂದು ಕಾಲಂ. ಇದು ರ್‍ಯಾಂಕ್ ಅಲ್ಲ. 3 ಅಂದರೆ ಜೋರಾಗಿ ಹೋಗುವವರು, ಅವರ ಬೈಂಡಿಂಗ್ ಗಟ್ಟಿ. ನೀವು 1. ನಾಚಿಕೆ ಬೇಡ.

ಇನ್ನು ನಿಮ್ಮ ಪ್ರಶ್ನೆ. ಕಲಿತು ಆಮೇಲೆ ಸೇರೋದು ಅನ್ನೋದೇ ತಲೆಕೆಳಗು. ಕ್ಲಬ್ ಇರೋದೇ ಬಸ್ಸು, ರೂಮು, ರಿಯಾಯಿತಿ ಟಿಕೆಟ್ಟಿಗೆ. ಕಾರಿಲ್ಲದ ವಿದ್ಯಾರ್ಥಿ ಬೆಳಗ್ಗೆ ಐದಕ್ಕೆ ಹೊರಟು ಗುಡ್ಡ ತಲುಪೋದು ಹೇಗೆ? ರೇಸ್ ಟೀಮ್ ಬೇರೆ, ಕ್ಲಬ್ ಬೇರೆ. ಆಯ್ಕೆ ಗೀಯ್ಕೆ ಏನಿದ್ದರೂ ಅಲ್ಲಿ. ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಶುರುವಿಗೆ ಕ್ಯಾಂಪಸ್ಸಿನಲ್ಲಿ ಕ್ಲಬ್ಬುಗಳು ಮೇಜು ಹಾಕಿಕೊಂಡು ಕೂರುತ್ತವೆ, ಅವತ್ತೇ ಹೋಗಿ ಮೂರು ವಿಷಯ ಕೇಳಿ: ಹೊಸಬರಿಗೆ ಪಾಠ ಸೇರಿದೆಯಾ, ಮುಂಗಡ ಕಟ್ಟಿದ ಮೇಲೆ ಬರಲಾಗದಿದ್ದರೆ ದುಡ್ಡು ವಾಪಸ್ಸಾ, ಹಳೇ ಸಾಮಾನು ಮಾರಾಟ ಯಾವಾಗ. ಎಪಿಕ್, ಐಕಾನ್‌ನಂಥ ಸೀಸನ್ ಪಾಸಿನ ಬೆಲೆ ಹಿಮಗಾಲ ಹತ್ತಿರವಾದಷ್ಟೂ ಏರುತ್ತೆ, ವಿದ್ಯಾರ್ಥಿ ದರ ಬೇರೆಯೇ ಇರುತ್ತೆ.

ಹಳೇ ಸ್ಕೀ ಅಗ್ಗಕ್ಕೆ ಸಿಕ್ಕಿತು ಅಂತ ಹಾರಬೇಡಿ. ಕಂಪನಿ ಈಗಲೂ ಹೊಣೆ ಹೊರುವ ಬೈಂಡಿಂಗುಗಳ ಪಟ್ಟಿಯಲ್ಲಿ ಅದರ ಬೈಂಡಿಂಗ್ ಇಲ್ಲದಿದ್ದರೆ ಅಂಗಡಿಯವರು ಮುಟ್ಟೋದೇ ಇಲ್ಲ, ಗೋಡೆಗೆ ನೇತುಹಾಕಬೇಕಷ್ಟೆ. ಮೊದಲ ವರ್ಷ ಬೂಟು ಮಾತ್ರ ಕೊಳ್ಳಿ, ಸ್ಕೀ ಇಡೀ ಸೀಸನ್ನಿಗೆ ಬಾಡಿಗೆ ತಗೊಳ್ಳಿ, ಗದ್ದದವರೆಗೆ ಬರುವ ಉದ್ದ ಸಾಕು. ಹೆಲ್ಮೆಟ್ ಸೆಕೆಂಡ್ ಹ್ಯಾಂಡ್ ಬೇಡ. ಜೀನ್ಸ್ ಬೇಡ, ಒದ್ದೆಯಾದ ಹತ್ತಿ ಒಣಗಲ್ಲ. ಊರಿಂದ ಕಡಲೆಕಾಯಿ ಚಿಕ್ಕಿ ಒಯ್ಯಿರಿ, ಗುಡ್ಡದ ಮೇಲಿನ ಊಟದ ಬೆಲೆ ಕೇಳಿದರೆ ಹಸಿವೇ ಹೋಗುತ್ತೆ. ಒಳಜೇಬಿನಲ್ಲಿಡಿ, ಹೊರಗಿಟ್ಟರೆ ಕಲ್ಲು.

ಯೂನಿವರ್ಸಿಟಿಯ ಆರೋಗ್ಯ ವಿಮೆಯಲ್ಲಿ ಏನೇನು ಸೇರಿಲ್ಲ ಅನ್ನೋ ಪುಟವನ್ನು ಬಸ್ಸು ಹತ್ತುವ ಮುಂಚೆ ಓದಿ. ಕೆಲವು ಪಾಲಿಸಿ ಅಂತರ್‌ಕಾಲೇಜು ಕ್ರೀಡೆಯ ಗಾಯವನ್ನು ಬಿಟ್ಟಿರುತ್ತವೆ. ಕ್ಲಬ್ಬಿನವರು ಕೆಲವರು ಪುಕ್ಕಟೆ ಪಾಸಿನ ಆಸೆಗೆ ಗುಡ್ಡದಲ್ಲಿ ಪಾರ್ಟ್ ಟೈಮ್ ಕೆಲಸ ಹಿಡಿಯುತ್ತಾರೆ. ಅದು ಕ್ಯಾಂಪಸ್ ಹೊರಗಿನ ಕೆಲಸ, ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿರುವ ನೀವು ಆ ಕಡೆ ತಲೆ ಹಾಕಬೇಡಿ.

"ನಮ್ಮಂಥ ಕಡೆಯವರಿಗೆ ಇದು ಬರುತ್ತಾ" ಅಂತಲೂ ಬರೆದಿದ್ದೀರಿ. ಕೊಡಗಿನ ಭವಾನಿ 2024ರಲ್ಲಿ ಚಿಲಿಗೆ ಹೋಗಿ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ತಂದರು. ಕೊಡಗಿನಲ್ಲಿ ಬೀಳೋದು ಮಳೆ. ತೊಡೆಗೆ ಶಕ್ತಿ ಬೇಕು ಅಷ್ಟೆ. ಭಾನುವಾರ ದೇವರಾಯನದುರ್ಗ ಹತ್ತಿ, ಆದರೆ ಇಳಿಯುವಾಗ ಬೈಕ್ ಲಿಫ್ಟ್ ಕೇಳಬೇಡಿ. ಸ್ಕೀಗೆ ಬೇಕಾದ ತೊಡೆ ತಯಾರಾಗೋದು ಇಳಿಯುವಾಗಲೇ. ಮನೆಯಲ್ಲಿ ಗೋಡೆಗೊರಗಿ ಕುರ್ಚಿಯಿಲ್ಲದೆ ಕೂತು ಒಂದು ನಿಮಿಷ, ಮೂರು ಸಲ.

ಸ್ಕೀಯೋ ಬೋರ್ಡೋ? ನನ್ನ ಪ್ರಕಾರ ಸ್ಕೀ. ಬೋರ್ಡಿನಲ್ಲಿ ಮೊದಲ ಎರಡು ಮೂರು ದಿನ ಕುಂಡಿ ಮೇಲೇ, ಬೀಳುವಾಗ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವವರು ಹೊಸಬರೇ. ಬೋರ್ಡೇ ಬೇಕು ಅಂತ ಹಠ ಇದ್ದರೆ ಮಣಿಕಟ್ಟಿನ ಗಾರ್ಡ್ ಕೊಳ್ಳಿ, ಬಿದ್ದಾಗ ಮುಷ್ಟಿ ಕಟ್ಟಿ ಮುಂದೋಳಿನ ಮೇಲೆ ಬೀಳಿ. ಯಾವ ಕಾಲು ಮುಂದೆ ಅಂತ ಅಲ್ಲಿ ಕೇಳುತ್ತಾರೆ. ಅಜ್ಜಿ ಮನೆಯ ಕೆಂಪು ಗಾರೆ ನೆಲ ಇನ್ನೂ ಇದ್ದರೆ ಕಾಲುಚೀಲ ಹಾಕಿ ಓಡಿಬಂದು ಒಮ್ಮೆ ಜಾರಿ. ತಾನಾಗಿ ಮುಂದೆ ಬರುವ ಕಾಲು ಎಡವಾದರೆ ರೆಗ್ಯುಲರ್, ಬಲವಾದರೆ ಗೂಫಿ.