ಕಸರೋಲಿ ಶರಣಾದರೇ?

ಪತ್ರ: ಕಳೆದ ಸಂಚಿಕೆಯಲ್ಲಿ ವ್ಯಾಟಿಕನ್ನಿನ ಪರವಾಗಿ ಮಾತುಕತೆ ನಡೆಸುತ್ತಿದ್ದ ಕಾರ್ಡಿನಲ್ (ಪೋಪರ ಕೆಳಗಿನ ಹಿರಿಯ ಧರ್ಮಾಧಿಕಾರಿ) ಅಗೊಸ್ತಿನೊ ಕಸರೋಲಿ ಬಗ್ಗೆ ಬರೆದಿರಿ. ಹೊಗಳಿಕೆ ಜಾಸ್ತಿ ಆಯಿತು. ಪಾದ್ರಿಗಳನ್ನು ಜೈಲಿಗೆ ಹಾಕಿದ ಕಮ್ಯುನಿಸ್ಟ್ ಸರ್ಕಾರಗಳ ಜೊತೆ ಅವರು ಒಪ್ಪಂದ ಮಾಡಿಕೊಂಡರು. ಇದು ಶರಣಾಗತಿ ಅಲ್ವಾ? ಅಂದಹಾಗೆ, ಅವರು ಯಾವ ದೇಶದಲ್ಲಿ ಪೋಪರ ರಾಯಭಾರಿಯಾಗಿದ್ದರು?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ. ಯಾವ ದೇಶದಲ್ಲೂ ಅಲ್ಲ. 1914ರಲ್ಲಿ ಉತ್ತರ ಇಟಲಿಯ ಒಂದು ಸಣ್ಣ ಊರಿನಲ್ಲಿ ದರ್ಜಿಯ ಮಗನಾಗಿ ಹುಟ್ಟಿದ ಕಸರೋಲಿ, 1940ರಲ್ಲಿ ವ್ಯಾಟಿಕನ್ ಕಚೇರಿ ಸೇರಿ ಐವತ್ತು ವರ್ಷ ಅಲ್ಲೇ ಕಳೆದರು. ಹೊರದೇಶಕ್ಕೆ ಹೋಗಿದ್ದೆಲ್ಲ ಮಾತುಕತೆಗೆ.

ಇನ್ನು ಶರಣಾಗತಿಯ ವಿಚಾರ. ಕ್ಯಾಥೊಲಿಕ್ ಸಭೆಯಲ್ಲಿ ಪಾದ್ರಿಗೆ ದೀಕ್ಷೆ ಕೊಡಲು ಬಿಷಪ್ಪರೇ ಆಗಬೇಕು. ಬಿಷಪ್ ಸತ್ತರೆ, ಜೈಲು ಸೇರಿದರೆ, ಹೊಸಬರ ನೇಮಕಕ್ಕೆ ಸರ್ಕಾರ ಅಡ್ಡ ಬಂದರೆ ಒಂದು ತಲೆಮಾರಿನಲ್ಲಿ ಪಾದ್ರಿಗಳೇ ಇರುವುದಿಲ್ಲ. ಹಂಗೇರಿ, ಚೆಕೊಸ್ಲೊವಾಕಿಯಾಗಳಲ್ಲಿ ಆಗುತ್ತಿದ್ದುದು ಇದೇ. 1963ರಲ್ಲಿ ಪೋಪ್ 23ನೇ ಜಾನ್ ಕಸರೋಲಿಯನ್ನು ಬುಡಾಪೆಸ್ಟ್‌ಗೂ ಪ್ರಾಗ್‌ಗೂ ಕಳಿಸಿದ್ದು ಈ ಕಾರಣಕ್ಕೆ. ಮರುವರ್ಷ ಹಂಗೇರಿಯ ಜೊತೆ ಒಪ್ಪಂದವಾಯಿತು. ಬಿಷಪ್ಪರ ನೇಮಕಕ್ಕೆ ದಾರಿಯಾಯಿತು. ಆದರೆ ಸರ್ಕಾರದ ಕಣ್ಣು, ಕೈ ಎರಡೂ ಅದರಲ್ಲಿದ್ದವು. ಅರ್ಧ ರೊಟ್ಟಿ ಅನ್ನಿ, ತಕರಾರಿಲ್ಲ.

ಆದರೆ ಒಂದು ಕಡೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಂಗೇರಿಯ ಕಾರ್ಡಿನಲ್ ಮಿಂಡ್ಸೆಂಟಿಯನ್ನು ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಹಿಂಸಿಸಿ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಆ ಸರ್ಕಾರದ ವಿರುದ್ಧ ಎದ್ದ 1956ರ ದಂಗೆಯಲ್ಲಿ ಬಿಡುಗಡೆಯಾಗಿ ಕೆಲವೇ ದಿನ, ಸೋವಿಯತ್ ಟ್ಯಾಂಕ್‌ಗಳು ನುಗ್ಗಿದವು. ಅವರು ಅಮೆರಿಕದ ರಾಯಭಾರ ಕಚೇರಿಗೆ ಓಡಿಹೋದರು. ಹದಿನೈದು ವರ್ಷ ಅಲ್ಲೇ ಉಳಿದರು. ಕಸರೋಲಿ ಅಲ್ಲಿಗೇ ಹೋಗಿ ಅವರನ್ನು ಕಂಡರು. ಕೊನೆಗೆ 1971ರಲ್ಲಿ ಮಿಂಡ್ಸೆಂಟಿ ದೇಶ ಬಿಟ್ಟರು. ಆರ್ಚ್‌ಬಿಷಪ್ ಹುದ್ದೆಗೆ ರಾಜೀನಾಮೆ ಮಾತ್ರ ಕೊಡಲಿಲ್ಲ. 1974ರಲ್ಲಿ ಮಿಂಡ್ಸೆಂಟಿಯ ಪೀಠ ಖಾಲಿ ಎಂದು ಪೋಪ್ 6ನೇ ಪೌಲ್ ಸಾರಿಬಿಟ್ಟರು, ಅಂದರೆ ಹುದ್ದೆಯಿಂದಲೇ ಇಳಿಸಿದರು. ಲೆಕ್ಕಾಚಾರ ಏನೇ ಇರಲಿ, ಅಷ್ಟು ಪೆಟ್ಟು ತಿಂದ ಮುದುಕನಿಗೆ ಹೀಗೆ ಮಾಡಬಾರದಿತ್ತು.

ಅದೇ ಕಸರೋಲಿ ರಜೆ ಸಿಕ್ಕಾಗ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗುತ್ತಿದ್ದರು. ದಶಕಗಳ ಕಾಲ, ದೊಡ್ಡ ಹುದ್ದೆ ಬಂದ ಮೇಲೂ. ಹುಡುಗರಿಗೆ ಅವರು ಬರೀ ‘ಪಾದ್ರಿ ಅಗೊಸ್ತಿನೊ’. ನಮ್ಮ ಟಿಪ್ಪಣಿಯಲ್ಲಿ ಇದು ಬಿಟ್ಟುಹೋಗಿತ್ತು.

ಪೋಲೆಂಡಿನ 2ನೇ ಜಾನ್ ಪೌಲ್ ಪೋಪ್ ಆದಾಗ ಕಸರೋಲಿ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಕಮ್ಯುನಿಸ್ಟರ ಆಡಳಿತದಲ್ಲೇ ಬದುಕಿ ಬಂದ ಪೋಪ್ ಅಲ್ವಾ? ಆದರೆ 1979ರಲ್ಲಿ ಅವರೇ ಕಸರೋಲಿಯನ್ನು ಕಾರ್ಡಿನಲ್ ಮಾಡಿ, ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಸ್ಥಾನ, ಅಂದರೆ ಪೋಪರ ನಂತರದ ದೊಡ್ಡ ಹುದ್ದೆ, ಕೊಟ್ಟರು. ಪೋಪ್ ವಾರ್ಸಾದಲ್ಲಿ ಲಕ್ಷಗಟ್ಟಲೆ ಜನರೆದುರು ಗುಡುಗುವುದು, ಕಸರೋಲಿ ಮೇಜಿನ ಮುಂದೆ ಕೂತು ಮೆಲ್ಲಗೆ ಮಾತಾಡುವುದು. ಇಬ್ಬರಿಗೂ ಇದು ಹೊಂದಿಕೆಯಾಯಿತು.

ಕಮ್ಯುನಿಸ್ಟ್ ಆಡಳಿತ ಬಿದ್ದದ್ದು ಕಸರೋಲಿಯಿಂದ ಅಂತ ನಾನು ಹೇಳುವುದಿಲ್ಲ. ಆ ಕೀರ್ತಿ ಬೀದಿಗಿಳಿದ ಜನರದ್ದು. ಆದರೆ 1988ರಲ್ಲಿ ಪೋಪರ ಪತ್ರ ಹಿಡಿದು ಕ್ರೆಮ್ಲಿನ್‌ಗೆ ಹೋಗಿ ಸೋವಿಯತ್ ನಾಯಕ ಗೋರ್ಬಚೇವ್ ಕೈಗಿಟ್ಟವರು ಅವರೇ. ಮುಂದಿನ ವರ್ಷ ಡಿಸೆಂಬರ್ 1ರಂದು ಗೋರ್ಬಚೇವ್ ತಾವೇ ವ್ಯಾಟಿಕನ್‌ಗೆ ಬಂದರು. ಆ ಬಾಗಿಲು ತೆರೆಯಲು ಕಸರೋಲಿಗೆ 26 ವರ್ಷ ಹಿಡಿಯಿತು. ಶರಣಾಗುವವರಿಗೆ ಅಷ್ಟು ಹೊತ್ತು ಬೇಕಾಗುತ್ತದೆಯೇ?