ಟೆಕ್ಸಾಸ್‌ನಲ್ಲಿ ಎಲ್‌ಟಿಸಿ (ಗನ್ ಒಯ್ಯುವ ಲೈಸೆನ್ಸ್) ಇದ್ದರೆ, "ಗನ್ ಬೇಡ" ಎಂಬ ಬೋರ್ಡ್ ಇಲ್ಲದ ಕಡೆಯೆಲ್ಲ ಒಯ್ಯಬಹುದಾ?

ಮಾಲ್, ದೇವಸ್ಥಾನ, ಕನ್ನಡ ಸಂಘದ ಕಾರ್ಯಕ್ರಮ ಅಂತ ಮೂರು ಜಾಗ ಬರೆದು, "ಬೋರ್ಡ್ ಇಲ್ಲದಿದ್ದರೆ ಸರಿ ಅಲ್ವಾ?" ಎಂದು ಕೇಳಿದ್ದೀರಿ. ಆ ಮೂರನೆಯದನ್ನು ಓದಿ ಎದೆ ಧಸಕ್ಕೆಂದಿತು.

2019ರ ನವೆಂಬರ್, ಭಾನುವಾರ. ಡಾಲಸ್‌ನ ಉತ್ತರಕ್ಕಿರುವ ಒಂದು ಊರಲ್ಲಿ ನಮ್ಮ ಸಂಘದ ರಾಜ್ಯೋತ್ಸವ. ಮಗಳ ಡ್ಯಾನ್ಸ್ ಇತ್ತು. ನಾನು ರೇಷ್ಮೆ ಜುಬ್ಬಾ ಹಾಕಿಕೊಂಡು, ಸೊಂಟಪಟ್ಟಿಯ ಒಳಗೆ ಪಿಸ್ತೂಲಿನ ಹೋಲ್‌ಸ್ಟರ್ ಸಿಕ್ಕಿಸಿಕೊಂಡು ಹೊರಟೆ. ಲೈಸೆನ್ಸ್ ಬಂದು ಎಂಟು ತಿಂಗಳಾಗಿತ್ತು. ಹೊಸದರಲ್ಲಿ ಎಲ್ಲರಿಗೂ ಇರುವ ಹುರುಪು, ಪಿಸ್ತೂಲು ಬಿಟ್ಟು ಹಾಲು ತರಲಿಕ್ಕೂ ಹೋಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ಬೋರ್ಡ್ ಹುಡುಕಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಅಸಡ್ಡೆಯ ಮನುಷ್ಯ ಅಲ್ಲ. ಎಡಗಡೆ ಗಾಜು ನೋಡಿದೆ, ಬಲಗಡೆ ಗಾಜು ನೋಡಿದೆ. 30.06 ಬೋರ್ಡ್ (ಲೈಸೆನ್ಸ್ ಇದ್ದವರೂ ಗನ್ ಮುಚ್ಚಿಟ್ಟುಕೊಂಡು ಬರಬಾರದು ಎನ್ನುವ ಬೋರ್ಡ್, ಕಾನೂನಿನ ಸೆಕ್ಷನ್ ನಂಬರಿನಿಂದ ಆ ಹೆಸರು) ಅಂದರೆ ಕಣ್ತಪ್ಪುವಂಥದ್ದಲ್ಲ. ಒಂದಿಂಚಿನ ಅಕ್ಷರ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರುತ್ತದೆ. ಅಲ್ಲಿ ಇರಲಿಲ್ಲ. ಸರಿ ಎಂದು ಒಳಗೆ ಹೋದೆ.

ಸ್ಟೇಜ್ ಮೇಲೆ ಭುವನೇಶ್ವರಿಯ ಬ್ಯಾನರ್ ಒಂದು ಕಡೆ ಜೋತುಬಿದ್ದಿತ್ತು. "ಸ್ವಲ್ಪ ಎತ್ತಿ ಕಟ್ಟಿ ಸಾರ್" ಅಂದರು ಯಾರೋ. ಏಣಿ ಹತ್ತಿ ಎರಡೂ ಕೈ ಮೇಲೆತ್ತಿದೆ. ಜುಬ್ಬಾ ಮೇಲಕ್ಕೆ ಬಂತು. ಕಾವಲಿಗೆಂದು ಸಂಘದವರೇ ದುಡ್ಡು ಕೊಟ್ಟು ಕರೆಸಿದ್ದ ಪೊಲೀಸ್ ಅಧಿಕಾರಿ ಕೆಳಗೇ ನಿಂತಿದ್ದರು. ತುಂಬಾ ಮೆಲ್ಲಗೆ, "ಸರ್, ಕೈ ಅಲ್ಲೇ ಇರಲಿ, ನಿಧಾನಕ್ಕೆ ಇಳಿಯಿರಿ" ಎಂದರು. ನಾನು ನಗುತ್ತಾ, ಲೈಸೆನ್ಸ್ ಇದೆ ಎಂದೆ. ಅವರು ನಗಲಿಲ್ಲ. "ಇದು ಯಾವ ಜಾಗ ಅಂತ ಗೊತ್ತಾ?" ಎಂದು ಕೇಳಿದರು.

ಫ್ಲೈಯರ್‌ನಲ್ಲಿ ಇದ್ದದ್ದು "ಪರ್ಫಾರ್ಮಿಂಗ್ ಆರ್ಟ್ಸ್ ಸೆಂಟರ್" ಅಂತ ಮಾತ್ರ. ಅದು ಹೈಸ್ಕೂಲಿನ ಕಟ್ಟಡದ ಒಂದು ಭಾಗ. ಆ ಕಡೆಯ ಬಾಗಿಲಿನಿಂದ ಬಂದಿದ್ದರೆ ಶಾಲೆಯ ಹೆಸರು ಕಾಣುತ್ತಿತ್ತು. ನಾನು ಬಂದದ್ದು ಬಿಸಿಬೇಳೆಬಾತಿನ ಟ್ರೇ ಇಳಿಸುತ್ತಿದ್ದ ಹಿಂದಿನ ಬಾಗಿಲಿನಿಂದ.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಬೋರ್ಡ್ ಇಲ್ಲ ಅಂದರೆ ಅನುಮತಿ ಇದೆ ಎಂದು ತಿಳಿದದ್ದು. 30.06 ಬೋರ್ಡ್ ಇರುವುದು ಅಂಗಡಿ, ಮಾಲ್ ಥರದ ಕಡೆ ಜಾಗದ ಮಾಲೀಕರು "ನಮ್ಮಲ್ಲಿ ಬೇಡ" ಅನ್ನಲಿಕ್ಕೆ. ಶಾಲೆಯಲ್ಲಿ ಬೇಡ ಅಂದಿರುವುದು ಮಾಲೀಕರಲ್ಲ, ಕಾನೂನೇ. ಟೆಕ್ಸಾಸ್ ದಂಡಸಂಹಿತೆಯ 46.03ನೇ ಸೆಕ್ಷನ್ ನೋಡಿ. ಅಲ್ಲಿ ಬೋರ್ಡ್ ಇದ್ದರೂ ಇಲ್ಲದಿದ್ದರೂ ನಿಷೇಧ ನಿಷೇಧವೇ. ಭಾನುವಾರ ಆದರೇನು, ಬಾಡಿಗೆಗೆ ತೆಗೆದುಕೊಂಡರೇನು, ಕಟ್ಟಡ ಶಾಲೆಯದೇ. ಲೈಸೆನ್ಸ್ ಕ್ಲಾಸಿನಲ್ಲಿ ಇದನ್ನು ಹೇಳಿದ್ದರು. ನಾನು "ಶಾಲೆ" ಅಂದಾಗ ಹಳದಿ ಬಸ್ಸು, ಪುಸ್ತಕದ ಚೀಲ ಹೊತ್ತ ಮಕ್ಕಳು ಅಂತ ಚಿತ್ರ ಮಾಡಿಕೊಂಡಿದ್ದೆ. ಸ್ಟೇಜ್ ಮೇಲೆ ಡೊಳ್ಳು ಇರುವ ಜಾಗ ಶಾಲೆ ಅಂತ ಹೊಳೆಯಲೇ ಇಲ್ಲ.

ಶಿಕ್ಷೆಯ ತಮಾಷೆಯನ್ನೂ ನೋಡಿ. ಮಾಲಿನಲ್ಲಿ 30.06 ಬೋರ್ಡ್ ಕಂಡೂ ಒಳಗೆ ಹೋದರೆ ದಂಡ ಹೆಚ್ಚೆಂದರೆ 200 ಡಾಲರ್. ಹೊರಗೆ ಹೋಗಿ ಎಂದ ಮೇಲೂ ಹೋಗದಿದ್ದರೆ ಮಾತ್ರ ಜೈಲಿನ ಮಾತು. ಬೋರ್ಡೇ ಇಲ್ಲದ ಶಾಲೆಯೊಳಗೆ ಹೋದರೆ ಮೂರನೇ ದರ್ಜೆಯ ಫೆಲನಿ, ಅಂದರೆ ಗಂಭೀರ ಅಪರಾಧ, 2ರಿಂದ 10 ವರ್ಷ ಜೈಲು.

ಒಂದು ರಾತ್ರಿ ಕೌಂಟಿ ಜೈಲು, ರೇಷ್ಮೆ ಜುಬ್ಬಾದಲ್ಲೇ. ಲೈಸೆನ್ಸ್ ಅಮಾನತು. ವಕೀಲರಿಗೆ 9 ಸಾವಿರ ಡಾಲರ್. ಕೋವಿಡ್ ಬಂದು ಕೇಸು ಇನ್ನೂ ಎಳೆಯಿತು. ಕೊನೆಗೆ ಗ್ರ್ಯಾಂಡ್ ಜ್ಯೂರಿ (ಕೇಸು ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಆರೋಪ ಹೊರಿಸಲಿಲ್ಲ, ಬಚಾವಾದೆ. ಆದರೆ ನನ್ನ ಹತ್ತಿರ ಆಗ ಇದ್ದದ್ದು ಗ್ರೀನ್ ಕಾರ್ಡ್. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರು ಮಾಡಬಹುದು ಅಂತ ವಕೀಲರು ಹೇಳಿದ ದಿನ ನನ್ನಾಕೆ ಅಡುಗೆಮನೆಯಲ್ಲಿ ಸುಮ್ನೆ ಕೂತುಬಿಟ್ಟಳು. ಆರೋಪ ಬಿದ್ದುಹೋದರೂ, ಪೌರತ್ವದ ಅರ್ಜಿಯಲ್ಲಿ "ಎಂದಾದರೂ ಅರೆಸ್ಟ್ ಆಗಿದ್ದೀರಾ" ಎಂಬ ಪ್ರಶ್ನೆಗೆ ಹೌದು ಅಂತಲೇ ಬರೆಯಬೇಕು. ಬರೆದೆ.

2021ರಲ್ಲಿ ಕಾನೂನು ಸ್ವಲ್ಪ ಮೆದುವಾಯಿತು, ನಿಜ. ಆ ಸೆಪ್ಟೆಂಬರ್‌ನಿಂದ 21 ದಾಟಿದ, ಬೇರೆ ಅಡ್ಡಿಯಿಲ್ಲದ ಹೆಚ್ಚಿನವರು ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಜೊತೆಗೆ, ಬೋರ್ಡ್ ಇಲ್ಲದ ನಿಷೇಧಿತ ಜಾಗದಲ್ಲಿ "ಇಲ್ಲಿ ಕೂಡದು" ಎಂದು ಅಲ್ಲಿಯವರು ಹೇಳಿದ ತಕ್ಷಣ ಹೊರಗೆ ಹೋದರೆ ಕೋರ್ಟಿನಲ್ಲಿ ಅದನ್ನು ಸಮರ್ಥನೆಯಾಗಿ ಹೇಳಬಹುದು. ಆದರೆ ಅಲ್ಲಿ ನಿಷೇಧ ಇದೆ ಅಂತ ನಿಮಗೆ ಮೊದಲೇ ಗೊತ್ತಿದ್ದರೆ ಅದು ನಡೆಯುವುದಿಲ್ಲ. ಇದನ್ನು ಓದಿದ ಮೇಲೆ ನಿಮಗೆ ಗೊತ್ತಾಯಿತು, ಕ್ಷಮಿಸಿ.

ನಿಮ್ಮ ಉಳಿದ ಎರಡು ಜಾಗ ಬೇಗ ಹೇಳುತ್ತೇನೆ. ಮಾಲ್‌ಗೆ ಬೋರ್ಡ್ ನೋಡಿ. ದೇವಸ್ಥಾನಕ್ಕೂ 2019ರ ಸೆಪ್ಟೆಂಬರ್‌ನಿಂದ ಅದೇ ನಿಯಮ: ಬೋರ್ಡ್ ಹಾಕಿದ್ದರೆ ಅಥವಾ ಬಾಯಲ್ಲಿ ಬೇಡ ಎಂದರೆ ಬೇಡ. (ನನ್ನ ಕೇಳಿದರೆ, ಸಾಷ್ಟಾಂಗ ಹಾಕುವಾಗ ಸೊಂಟದಲ್ಲಿ ಅದು ಯಾಕೆ ಬೇಕು?) ಕೋರ್ಟು, ಮತಗಟ್ಟೆ, ಏರ್‌ಪೋರ್ಟಿನ ತಪಾಸಣೆಯ ಆಚೆ, ಕುದುರೆ ರೇಸ್, ಕೆಂಪಕ್ಷರದಲ್ಲಿ 51% ಎಂದು (ಅಂದರೆ ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಎಂದು) ಹಾಕಿರುವ ಬಾರ್, ಇವು ಕಾನೂನೇ ಬೇಡ ಅಂದಿರುವ ಜಾಗಗಳು. ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ, 46.03 ಪೂರ್ತಿ ಓದಿ.

ಹಾಗಾಗಿ ಬೋರ್ಡ್ ಹುಡುಕುವುದು ಎರಡನೇ ಕೆಲಸ. ಮೊದಲು ಮ್ಯಾಪಿನಲ್ಲಿ ವಿಳಾಸ ಹಾಕಿ, ಕಟ್ಟಡ ಯಾರದ್ದು ನೋಡಿ. ಸಂಘದವರಿಗೆ ಫೋನ್ ಮಾಡಿ, "ಹಾಲ್ ಸ್ಕೂಲಿಂದಾ?" ಅಂತ ಕೇಳಿ. ನಮ್ಮ ಕಾರ್ಯಕ್ರಮಗಳು ಎಷ್ಟೋ ಸಲ ಸ್ಕೂಲಿನ ಹಾಲಿನಲ್ಲೇ ನಡೆಯುವುದು, ಬಾಡಿಗೆ ಕಮ್ಮಿ ಅಂತ. ಸ್ಕೂಲಿನದೇ ಆದರೆ ಕಾರಿನಲ್ಲಿ ಕಣ್ಣಿಗೆ ಕಾಣದಂತೆ ಬೀಗ ಹಾಕಿಟ್ಟು ಹೋಗಿ. ಕಾನೂನಿನಲ್ಲಿ "ಆವರಣ" ಅಂದರೆ ಕಟ್ಟಡ, ಪಾರ್ಕಿಂಗ್ ಅದರಲ್ಲಿ ಬರುವುದಿಲ್ಲ. ಆದರೆ "ಸ್ವಲ್ಪ ಕಾರಲ್ಲಿಟ್ಟು ಬಾ" ಅಂತ ಎಚ್-1ಬಿ ವೀಸಾದಲ್ಲಿರುವ ಗೆಳೆಯನ ಕೈಗೆ ಕೊಡಬೇಡಿ. ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದಿದ್ದರೆ ಅವರು ಅದನ್ನು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ.

ನನ್ನ ಕಾರಿನ ಸೀಟಿನ ಕೆಳಗೆ ಈಗ ಒಂದು ಸಣ್ಣ ಲಾಕ್‌ಬಾಕ್ಸ್ ಇದೆ, 40 ಡಾಲರಿನದು. ಆವತ್ತು ಕಾರು ನಿಲ್ಲಿಸಿದ್ದು ಬಾಗಿಲಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಮಗಳ ಡ್ಯಾನ್ಸ್ ನಾನು ನೋಡಿದ್ದು ಬೇಲ್ ಮೇಲೆ ಬಂದ ಮೇಲೆ, ಯಾರೋ ವಾಟ್ಸಾಪ್ ಗುಂಪಿಗೆ ಹಾಕಿದ್ದ ವಿಡಿಯೋದಲ್ಲಿ. ಹಿಂದೆ ಬ್ಯಾನರ್ ಇನ್ನೂ ಸೊಟ್ಟಗೇ ಇತ್ತು.